ಫೋನ್ ಯಾರು ಎತ್ತಬೇಕು?

ಹನುಮಂತನಗರದ ಈ ಅಡ್ಡರಸ್ತೆಯಲ್ಲಿ ಮಳೆ ಈಗಷ್ಟೇ ಬಿಟ್ಟಿದೆ. ಪ್ರಿಂಟಿಂಗ್ ಪ್ರೆಸ್ಸಿನ ಪಕ್ಕದ ಕಬ್ಬಿಣದ ಗೇಟು ತಳ್ಳಿ ಒಳಗೆ ಬನ್ನಿ. ಮೆಟ್ಟಿಲು ನೆಲಮಾಳಿಗೆಗೆ ಇಳಿಯುತ್ತದೆ. ಕೊನೆಯದು ಒಡೆದಿದೆ, ನೋಡಿಕೊಂಡು ಕಾಲಿಡಿ. ಚಪ್ಪಲಿ ಇಲ್ಲೇ ಬಿಡಿ. ದಪ್ಪ ಬಾಗಿಲು ತೆರೆದರೆ ಒದ್ದೆ ಕಾರ್ಪೆಟ್ಟಿನ ವಾಸನೆ, ಅದರ ಜೊತೆಗೆ ಮೂಲೆ ಅಂಗಡಿಯಿಂದ ಬಿಸಿಬಿಸಿಯಾಗಿ ತಂದ ಮೆಣಸಿನಕಾಯಿ ಬಜ್ಜಿಯ ವಾಸನೆ. ಗೋಡೆಗೆಲ್ಲ ಕಪ್ಪು ಫೋಮ್ ಅಂಟಿಸಿದ್ದಾರೆ. ಇದು ಜ್ಯಾಮ್ ರೂಮ್. ಗಂಟೆ ಲೆಕ್ಕದಲ್ಲಿ ಬಾಡಿಗೆ. ಒಂಬತ್ತೂವರೆ ಮೇಲೆ ಡ್ರಮ್ಸ್ ಬಾರಿಸುವಂತಿಲ್ಲ, ಮೇಲಿನ ಮನೆಯವರು ಇಳಿದು ಬರುತ್ತಾರೆ.

ಇವತ್ತು ಅವರು ಬರಬೇಕಾಗಿಲ್ಲ. ಐದೂ ಜನ ಕೂತಿದ್ದಾರೆ, ಯಾರೂ ನುಡಿಸುತ್ತಿಲ್ಲ. ಬಾಸ್ ಆ್ಯಂಪಿನ ಮೇಲೆ ಹನ್ನೊಂದು ಪುಟಗಳ ಒಂದು ಕರಾರು ಪತ್ರವಿದೆ. ಮುಂಬೈಯಲ್ಲಿ ಆಫೀಸಿರುವ ಒಂದು ಬುಕಿಂಗ್ ಏಜೆನ್ಸಿ ಕಳಿಸಿದ್ದು. ನಾಳೆ ಬೆಳಗ್ಗೆ ಹನ್ನೊಂದರೊಳಗೆ ಉತ್ತರ ಹೇಳಬೇಕು.

ಇವರ ಬ್ಯಾಂಡಿನ ಹೆಸರು ಇಲ್ಲಿ ಬೇಡ, ಮಾತು ಇನ್ನೂ ಮುಗಿಯದ ವ್ಯವಹಾರ. ಶರೀಫರ ತತ್ವಪದ, ವಚನ, ಮಾದಪ್ಪನ ಹಾಡುಗಳನ್ನು ಗಿಟಾರ್, ಬಾಸ್, ಡ್ರಮ್ಸಿನ ಜೊತೆ ಹಾಡುತ್ತಾರೆ. ಗಿಟಾರಿನವನು ಧಾರವಾಡದ ಹುಡುಗ. ಬಾಸ್ ನುಡಿಸುವವನು ಹಗಲು ಹೊತ್ತು ಸಾಫ್ಟ್‌ವೇರ್ ಕಂಪನಿಯಲ್ಲಿರುತ್ತಾನೆ. ಡ್ರಮ್ಸಿನವನು ಮೈಸೂರಿನವನು. ಮೂಲೆಯಲ್ಲಿ ಗೋಡೆಗೊರಗಿ ಕೂತಿರುವ, ಎಲ್ಲರಿಗಿಂತ ಹಿರಿಯರಾದವರು ಕೊಳ್ಳೇಗಾಲದ ಕಡೆಯ ಕಂಸಾಳೆ ಕಲಾವಿದರು, ದೇವರಗುಡ್ಡರ ಮನೆತನದವರು. ಎಲ್ಲರೂ ಅವರನ್ನು ‘ಅಣ್ಣ’ ಅನ್ನುತ್ತಾರೆ. ಹಾಡುವವಳು ಶಿವಮೊಗ್ಗದವಳು, ಇಲ್ಲೇ ಒಂದು ಹೈಸ್ಕೂಲಿನಲ್ಲಿ ಟೀಚರ್. ಅವಳ ಮುಂದೆ ಒಂದು ಉದ್ದ ನೋಟ್‌ಬುಕ್, ಅದರ ಮೇಲೆ ಮೂಲೆ ಬಿರುಕು ಬಿಟ್ಟ ಫೋನು. ಅದರ ಮೇಲೆ ಒಂದು ಕಣ್ಣಿಟ್ಟಿರಿ.

“ಓದ್ಲಾ?” ಎಂದು ಬಾಸ್ ಹುಡುಗ ಕಾಗದ ಎತ್ತಿಕೊಂಡ. “ಮೂರು ವರ್ಷ. ಎಕ್ಸ್‌ಕ್ಲೂಸಿವ್. ಪ್ರಪಂಚದಾದ್ಯಂತ. ನೇರವಾಗಿಯಾಗಲಿ, ಬೇರೆಯವರ ಮೂಲಕವಾಗಲಿ, ಬ್ಯಾಂಡಿಗೆ ಬರುವ ಎಲ್ಲಾ ಷೋಗಳ ಒಟ್ಟು ಸಂಭಾವನೆ ಮೇಲೆ ಶೇಕಡಾ ಇಪ್ಪತ್ತು ಕಮಿಷನ್. ಜಿಎಸ್‌ಟಿ ಪ್ರತ್ಯೇಕ.”

“ಎಲ್ಲಾ ಅಂದ್ರ? ನಾವ ಹಿಡಿದ ಷೋನೂ ಸೇರಿ?” ಇದು ಗಿಟಾರಿನವನು.

“ಎಲ್ಲಾ ಅಂದ್ರೆ ಎಲ್ಲಾ, ಗುರು.”

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಹಾಡುವವಳು ಪರದೆ ನೋಡಿ, ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. ಸ್ಪೀಕರ್ ಆನ್ ಮಾಡಿ ಪೆನ್ನು ತೆಗೆದಳು. ಆ ಕಡೆಯಿಂದ ಅರಸೀಕೆರೆ ಹತ್ತಿರದ ಒಂದು ಊರಿನ ಗಣೇಶೋತ್ಸವ ಸಮಿತಿಯ ಕಾರ್ಯದರ್ಶಿ.

“ಮೇಡಂ ನಮಸ್ಕಾರ. ಹೋದ ವರ್ಷ ಬಂದಿದ್ರಲ್ಲ, ನಮ್ಮ ಹುಡುಗ್ರು ಈ ವರ್ಷನೂ ನಿಮ್ಮನ್ನೇ ಕರೆಸ್ಬೇಕು ಅಂತಾವ್ರೆ. ವಿಸರ್ಜನೆ ಹಿಂದಿನ ದಿನ, ಶನಿವಾರ.”

“ನಮಸ್ಕಾರ ಸಾರ್. ಡೇಟ್ ಖಾಲಿ ಇದೆ. ಒಂದು ಇಪ್ಪತ್ತಾಗುತ್ತೆ.”

“ಅಯ್ಯೋ ಮೇಡಂ! ಎಪ್ಪತ್ತಕ್ಕೆ ಮಾಡ್ಕೊಡಿ. ನಮ್ಮದು ಸಣ್ಣ ಕಮಿಟಿ.”

“ಸೌಂಡ್ ನಿಮ್ಮ ಕಡೆಯವರದ್ದೇನಾ? ಹೋದ ಸಲ ಮಾನಿಟರ್ ಎರಡೇ ಇದ್ವು, ಅಣ್ಣನ ಕಂಸಾಳೆ ಅವರಿಗೇ ಕೇಳಿಸ್ತಿರ್ಲಿಲ್ಲ. ನಾಲ್ಕು ಬೇಕು. ಜನರೇಟರ್ ಇದ್ಯಾ?”

“ಇದೆ ಮೇಡಂ, ಈ ಸಲ ದೊಡ್ಡದು.”

“ಸ್ಟೇಜ್ ಹತ್ತೋದು ಎಷ್ಟೊತ್ತಿಗೆ? ಹೋದ ವರ್ಷ ಭಾಷಣ ಮುಗಿದಿದ್ದೇ ಒಂಬತ್ತಕ್ಕೆ. ಹತ್ತು ಗಂಟೆಗೆ ಪೊಲೀಸ್ನೋರು ಬಂದು ನಿಲ್ಲಿಸಿದ್ರು. ಜನ ಬೈದಿದ್ದು ನಮಗೆ. ಏಳೂವರೆಗೆ ಹತ್ತಿಸ್ತೀರಾ ಹೇಳಿ.”

ಆ ಕಡೆ ಸ್ವಲ್ಪ ಹೊತ್ತು ಮೌನ. ಯಾರನ್ನೋ ಕೇಳುತ್ತಿದ್ದಾರೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ ಹದಿನೈದು ದಿನ ಮಧ್ಯರಾತ್ರಿವರೆಗೆ ಸಡಿಲಿಸಬಹುದು, ಅಷ್ಟೇ. ಹಳ್ಳಿಯಿಂದ ಹಳ್ಳಿಗೆ ತಿರುಗುವ ಯಾವ ತಂಡಕ್ಕೂ ಈ ಹತ್ತು ಗಂಟೆ ಸಂಭಾವನೆಯಷ್ಟೇ ಮುಖ್ಯ.

“ಎಂಟಕ್ಕೆ ಮೇಡಂ. ಖಂಡಿತ.”

“ಸರಿ, ಎಂಟು. ತೊಂಬತ್ತೈದು. ಊಟ, ಲಾಡ್ಜ್ ನಿಮ್ಮದು. ಅರ್ಧ ಅಡ್ವಾನ್ಸು. ಇನ್ನೊಂದು ಸಾರ್, ಹೋದ ವರ್ಷದ್ದು ಹದಿನೈದು ಸಾವಿರ ಬಾಕಿ ಇದೆ.”

“ಅದಾ… ಅದು ಆಗಿನ ಖಜಾಂಚಿ ಮೇಡಂ. ಮಾತಾಡ್ತೀನಿ.”

“ಅದು ಬಂದ ಮೇಲೆ ಡೇಟ್ ಬ್ಲಾಕ್ ಮಾಡ್ತೀನಿ ಸಾರ್. ತಪ್ಪು ತಿಳ್ಕೋಬೇಡಿ.”

ಫೋನ್ ಇಟ್ಟು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಬಗ್ಗಿ ನೋಡಿ, ಎಷ್ಟು ಅಚ್ಚುಕಟ್ಟು! ಪುಟಕ್ಕೆ ಐದು ಕಾಲಂ: ಊರು, ಯಾರು, ಎಷ್ಟು, ಬಂದದ್ದು, ಬಾಕಿ. ಕೆಂಪು ಶಾಯಿಯಲ್ಲಿ ಷರಾ. ‘ಊಟ ಚೆನ್ನಾಗಿತ್ತು’, ‘ಅರ್ಥಿಂಗ್ ಇಲ್ಲ, ಮೈಕ್ ಶಾಕ್ ಹೊಡೆಯಿತು’, ‘ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಜಾಗ ಕೇಳಿ’. ಬ್ಯಾಂಡ್ ಶುರುವಾದಂದಿನಿಂದ ಹೋದ ಪ್ರತಿ ಊರೂ ಈ ಪುಸ್ತಕದಲ್ಲಿದೆ. ಏಜೆನ್ಸಿಯವರು ಕರಾರಿನಲ್ಲಿ ಶೇ. 20 ಕೇಳುತ್ತಿರುವುದು ಈ ಕೆಲಸಕ್ಕೆ. ಇದುವರೆಗೆ ಇದನ್ನು ಮಾಡಿದವಳಿಗೆ ಬ್ಯಾಂಡ್ ಕೊಟ್ಟಿರುವುದು ಸೊನ್ನೆ.

“ಈಗ ಇದನ್ನೇ ಲೆಕ್ಕ ಹಾಕೋಣ” ಎಂದು ಬಾಸ್ ಹುಡುಗ ಲ್ಯಾಪ್‌ಟಾಪ್ ತೆರೆದ. ಅವರ ಮಾಮೂಲಿ ದರ ₹1,20,000 ಇಟ್ಟುಕೊಂಡ. ಟೆಂಪೋ ಟ್ರಾವೆಲರ್ (ಟಿಟಿ) ಬಾಡಿಗೆ, ಡೀಸೆಲ್, ಡ್ರೈವರ್ ಭತ್ಯೆ ಸೇರಿ ₹18,000. ಸೌಂಡ್ ಇಂಜಿನಿಯರಿಗೆ ₹8,000. ದಾರಿಖರ್ಚು, ಊಟ, ಅಲ್ಲಲ್ಲಿ ಉಳಿಯುವುದು ₹10,000. ಉಳಿದದ್ದು ₹84,000, ತಲೆಗೆ ₹16,800. ಈಗ ಏಜೆನ್ಸಿ ಬಂತು ಅನ್ನಿ. ಕಮಿಷನ್ ₹24,000, ಅದರ ಮೇಲೆ ಶೇ. 18 ಜಿಎಸ್‌ಟಿ ₹4,320. ಬ್ಯಾಂಡಿನ ವರ್ಷದ ವಹಿವಾಟು ₹20 ಲಕ್ಷ ದಾಟದೆ ನೋಂದಣಿ ಮಾಡಿಸಿಲ್ಲವಾದ್ದರಿಂದ ಆ ತೆರಿಗೆಯನ್ನು ವಾಪಸ್ ಪಡೆಯುವ ದಾರಿಯೂ ಇಲ್ಲ. ಹಾಗಾಗಿ ಕೈಬಿಡುವುದು ಶೇ. 20 ಅಲ್ಲ, 23.6. ತಲೆಗೆ ಸಿಗುವುದು ₹11,136. ಸಂಘಟಕರು ಕಂಪನಿಯವರಾದರೆ ಸಾಮಾನ್ಯವಾಗಿ ಶೇ. 10 ಟಿಡಿಎಸ್ ಹಿಡಿಯುತ್ತಾರೆ; ಅದು ರಿಟರ್ನ್ಸ್ ಸಲ್ಲಿಸಿದ ಮೇಲೆ ಹೊಂದಾಣಿಕೆಯಾಗುವ ದುಡ್ಡು, ಆದರೆ ಆ ರಾತ್ರಿ ಜೇಬಿನಲ್ಲಿರುವುದಿಲ್ಲ.

“ನಮ್ಮದು ಜಾನಪದ ಅಲ್ವಾ? ಅದಕ್ಕೆ ಜಿಎಸ್‌ಟಿ ಇಲ್ಲ ಅಂತಿದ್ರು ಯಾರೋ” ಎಂದ ಡ್ರಮ್ಸಿನವನು.

ಅರ್ಧ ಸರಿ. ಜಾನಪದ ಅಥವಾ ಶಾಸ್ತ್ರೀಯ ಪ್ರಕಾರದ ಸಂಗೀತ, ನೃತ್ಯ, ನಾಟಕದ ಕಲಾವಿದರಿಗೆ ಒಂದು ಕಾರ್ಯಕ್ರಮಕ್ಕೆ ₹1.5 ಲಕ್ಷದವರೆಗಿನ ಸಂಭಾವನೆಗೆ ಜಿಎಸ್‌ಟಿ ವಿನಾಯಿತಿ ಇದೆ. ಆ ವಿನಾಯಿತಿ ಕಲಾವಿದರಿಗೆ, ಏಜೆಂಟರ ಕಮಿಷನ್ನಿಗಲ್ಲ. ಎಲೆಕ್ಟ್ರಿಕ್ ಗಿಟಾರಿನ ಜೊತೆ ಹಾಡಿದ ಮಾದಪ್ಪನ ಪದ ಜಾನಪದವೇ ಎಂದು ತೀರ್ಮಾನಿಸಲು ಒಳ್ಳೆಯ ಆಡಿಟರ್ ಬೇಕು. ನನ್ನ ಕಿವಿ ಕೇಳಿದರೆ ಹೌದು ಅನ್ನುತ್ತದೆ.

ಈ ಲೆಕ್ಕ ಕೇಳಿ ಕೋಣೆ ತಣ್ಣಗಾಯಿತು. ಆದರೆ ಗಿಟಾರಿನವನು ಇನ್ನೊಂದು ಲೆಕ್ಕ ತಂದಿದ್ದಾನೆ. “ನೋಡ್ರಿ, ಹೋದ ತಿಂಗಳ ವೈಟ್‌ಫೀಲ್ಡ್‌ದಾಗ ಕಂಪನಿ ಫಂಕ್ಷನ್ ಮಾಡಿದ್ವಿ. ನಾವ್ ಎಷ್ಟ್ ಕೇಳಿದ್ವಿ? ಒಂದು ಇಪ್ಪತ್ತು. ನಮ್ಮ ಮೊದಲ ಹಾಡಿದ ಬ್ಯಾಂಡ್‌ನವರು ಮೂರು ಲಕ್ಷ ತಗೊಂಡು ಹೋದ್ರು. ಅವರಿಗೆ ಏಜೆಂಟ್ ಇದ್ದಾರ. ಮೂರು ಲಕ್ಷ ಕೇಳಾಕ ನಮಗ ನಾಚಿಕೆ. ಅವರಿಗೆ ನಾಚಿಕೆ ಇಲ್ಲ, ಅದ ಅವರ ಕೆಲಸ.”

ಮೂರು ಲಕ್ಷದಲ್ಲಿ ಕಮಿಷನ್, ತೆರಿಗೆ ಸೇರಿ ₹70,800 ಹೋದರೂ ಉಳಿಯುವುದು ₹2,29,200. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಏಜೆಂಟರ ನಿಜವಾದ ಬಲ ಇಲ್ಲೇ ಇದೆ. ಹಾಡುವ ಬಾಯಲ್ಲೇ ದುಡ್ಡು ಕೇಳಿದರೆ ಕಡಿಮೆಯೇ ಬರುತ್ತದೆ. ಸಂಘಟಕರು ‘ನಿಮ್ಮ ಅಭಿಮಾನಿಗಳು ನಾವು’ ಎಂದ ಕೂಡಲೇ ಕಲಾವಿದರ ದನಿ ಇಳಿಯುತ್ತದೆ. ಏಜೆಂಟ್ ಅಭಿಮಾನಕ್ಕೆ ಬಗ್ಗುವುದಿಲ್ಲ. ಜೊತೆಗೆ ಅವರ ಹತ್ತಿರ ಹತ್ತಾರು ಬ್ಯಾಂಡುಗಳಿರುತ್ತವೆ. ದೊಡ್ಡ ಫೆಸ್ಟಿವಲ್ಲುಗಳ ಪಟ್ಟಿ ತಿಂಗಳುಗಟ್ಟಲೆ ಮೊದಲೇ ತಯಾರಾಗುತ್ತದೆ. ಅಷ್ಟು ಮುಂಚೆ ಆ ಮೇಜಿನ ಮುಂದೆ ಕೂತಿರುವವರು ಏಜೆಂಟರು. ಒಂದು ವಾರಾಂತ್ಯ ಪುಣೆಯಲ್ಲಿ ಷೋ ಇದ್ದರೆ, ಮರುದಿನ ಮುಂಬೈಯಲ್ಲಿ ಇನ್ನೊಂದನ್ನು ಹೊಂದಿಸಿ ಪ್ರಯಾಣದ ಖರ್ಚು ಇಬ್ಬರು ಸಂಘಟಕರಿಗೂ ಹಂಚುವ ಜಾಣ್ಮೆಯೂ ಅವರಿಗಿದೆ. ಹನುಮಂತನಗರದಲ್ಲಿ ಕೂತು, ಎಂಟನೇ ತರಗತಿಯ ಉತ್ತರಪತ್ರಿಕೆ ತಿದ್ದುತ್ತ ಇದನ್ನು ಮಾಡಲಾಗುವುದಿಲ್ಲ.

ರಘು ದೀಕ್ಷಿತ್ ಅವರ ತಂಡದ ಹೆಸರು ಬಂದೇ ಬರುತ್ತದೆ, ಇಂಥ ಕೋಣೆಯಲ್ಲಿ ಅದು ಬಾರದ ದಿನವಿಲ್ಲ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಲ್ಲಿ ಲುಂಗಿಯುಟ್ಟು ಹಾಡಿದವರು, 2011ರಲ್ಲಿ ಗ್ಲಾಸ್ಟನ್‌ಬರಿ ಹತ್ತಿದವರು. “ಅದೆಲ್ಲ ಫೋನ್ ಮಾಡಿ ಕರೆಸ್ಕೊಂಡಿದ್ದಾ? ಅಲ್ಲಿ ಅವರ ಪರ ಮಾತಾಡೋರು ಯಾರಾದ್ರೂ ಇರ್ಲೇಬೇಕು” ಎಂದ ಡ್ರಮ್ಸಿನವನು. ಇಂಗ್ಲೆಂಡಿನ ಬೇಸಿಗೆಯ ಫೆಸ್ಟಿವಲ್ಲುಗಳಿಗೆ ಪರಿಚಯದ ಬಲದಿಂದ ಒಳಹೋಗುವುದು ಕಷ್ಟ ಎನ್ನುವುದು ನಿಜ. ಆದರೆ ಅಮೆರಿಕದ ‘ಅಕ್ಕ’ ಸಮ್ಮೇಳನವೋ ಅಲ್ಲಲ್ಲಿನ ಕನ್ನಡ ಕೂಟಗಳ ರಾಜ್ಯೋತ್ಸವವೋ ಆದರೆ, ಅಲ್ಲಿಂದ ಫೋನ್ ನೇರವಾಗಿ ಈ ಬಿರುಕು ಬಿಟ್ಟ ಫೋನಿಗೇ ಬರುತ್ತದೆ. ಕನ್ನಡದ ಬ್ಯಾಂಡಿಗೆ ಕನ್ನಡದ ನಂಟೇ ದೊಡ್ಡ ಜಾಲ. ಅದಕ್ಕೂ ಮುಂಬೈಗೆ ಶೇ. 20 ಕಟ್ಟಬೇಕೆನ್ನುತ್ತದೆ ಈ ಕಾಗದ.

ಹಿಡಿದುಕೊಡುವ ಮಧ್ಯವರ್ತಿ ನಮಗೆ ಹೊಸಬನಲ್ಲ. ಕರಾವಳಿಯ ಯಕ್ಷಗಾನದ ಡೇರೆ ಮೇಳಗಳಿಗೆ ಆಟ ಆಡಿಸುವ ಕಂಟ್ರಾಕ್ಟುದಾರರಿದ್ದಾರೆ. ಒಂದು ರಾತ್ರಿಗೆ ಮೇಳಕ್ಕೆ ಇಷ್ಟು ಎಂದು ಕೊಟ್ಟು, ಟಿಕೆಟ್ ಮಾರಿ, ಮಳೆ ಬಂದರೆ ನಷ್ಟವನ್ನೂ ಹೊರುತ್ತಾರೆ. ಕಟೀಲು, ಮಂದಾರ್ತಿಯ ಹರಕೆ ಆಟಕ್ಕಂತೂ ಭಕ್ತರೇ ಬುಕ್ ಮಾಡಿ ವರ್ಷಗಟ್ಟಲೆ ಕಾಯುತ್ತಾರೆ, ಅಲ್ಲಿ ನಡುವೆ ಯಾರೂ ಬೇಕಿಲ್ಲ. ಬುಕಿಂಗ್ ಏಜೆಂಟ್ ಇವೆರಡರ ನಡುವಿನವನು. ಷೋ ತರುತ್ತಾನೆ, ನಷ್ಟ ಹೊರುವುದಿಲ್ಲ. ಷೋ ರದ್ದಾದರೆ ಟಿಟಿಯ ಬಾಡಿಗೆ ಬ್ಯಾಂಡಿನ ತಲೆಗೆ. ಹೊಣೆ ಹೊರದವನಿಗೆ ‘ಎಲ್ಲಾ ಷೋ’ ಮೇಲೂ ಹಕ್ಕು ಯಾಕೆ ಎನ್ನುವುದು ನನ್ನ ತಕರಾರು. ಅವನು ತಂದ ಷೋಗೆ ಕೊಡಿ, ಸಂತೋಷವಾಗಿ ಕೊಡಿ.

ಬಾಗಿಲು ತೆರೆಯಿತು. ಕೊಡೆ ಮಡಚುತ್ತ ಒಳಗೆ ಬಂದವರು ಡ್ರಮ್ಸಿನವನ ಅಕ್ಕ, ಸಿಟಿ ಸಿವಿಲ್ ಕೋರ್ಟಿನಲ್ಲಿ ವಕೀಲರು. ಜಾಗ ಮಾಡಿಕೊಡಿ, ಅವರು ಇವತ್ತು ಮೂರು ಕೇಸು ಮುಗಿಸಿ ಬಂದಿದ್ದಾರೆ. ಬಜ್ಜಿ ಒಂದು ಬಾಯಿಗಿಟ್ಟುಕೊಂಡೇ ಪುಟ ತಿರುವಿದರು, ಪೆನ್ಸಿಲ್ಲಿನಲ್ಲಿ ಅಂಚಿಗೆ ಗೀಟು ಹಾಕುತ್ತ ಹೋದರು. ಒಂಬತ್ತನೇ ಪುಟದಲ್ಲಿ ನಿಂತರು.

“ಅವಧಿ ಮುಗಿದ ಮೇಲೂ, ಬೇರೆ ಏಜೆಂಟ್ ಹತ್ರ ಹೋಗೋಕೆ ಮುಂಚೆ ಆ ಆಫರ್ ಇವರಿಗೆ ತೋರಿಸ್ಬೇಕಂತೆ. ಇವರು ಅಷ್ಟೇ ಕೊಡ್ತೀವಿ ಅಂದ್ರೆ ಇವರ ಹತ್ರನೇ ಇರ್ಬೇಕಂತೆ. ಇದು ಝಹೀರ್ ಖಾನ್ ಕೇಸ್ ಕಣೋ.”

“ಕ್ರಿಕೆಟ್ ಝಹೀರ್ ಖಾನಾ?”

“ಅವನೇ. 2000ದಲ್ಲಿ ಪರ್ಸೆಪ್ಟ್ ಡಿಮಾರ್ಕ್ ಅನ್ನೋ ಕಂಪನಿ ಜೊತೆ ಮೂರು ವರ್ಷಕ್ಕೆ ಸಹಿ ಹಾಕಿದ್ದ. ಜಾಹೀರಾತು ಹಿಡ್ಕೊಡೋ ಏಜೆಂಟರು. ಅದರಲ್ಲೂ ಹಿಂಗೇ ಒಂದು ಷರತ್ತು. 2003ರಲ್ಲಿ ಅವಧಿ ಮುಗಿದು ಬೇರೆಯವರ ಹತ್ರ ಹೋದ, ಇವರು ಕೋರ್ಟಿಗೆ ಹೋದ್ರು. 2006ರಲ್ಲಿ ಸುಪ್ರೀಂ ಕೋರ್ಟ್ ಹೇಳ್ತು: ಅವಧಿ ಮುಗಿದ ಮೇಲೆ ಹಿಂಗೆ ಕಟ್ಟಿಹಾಕೋದು ಕಾಂಟ್ರಾಕ್ಟ್ ಆ್ಯಕ್ಟ್ 27ನೇ ಸೆಕ್ಷನ್ ಪ್ರಕಾರ ನಡೆಯಲ್ಲ.”

“ಅಂದ್ರೆ ನಾವು ಹೆದರಬೇಕಿಲ್ಲ?”

“ಅವಧಿ ಮುಗಿದ ಮೇಲಿನದಕ್ಕೆ ಹೆದರಬೇಡಿ. ಅವಧಿ ಒಳಗಿನದಕ್ಕೆ ಹೆದರಿ. ಮೂರು ವರ್ಷ ಎಕ್ಸ್‌ಕ್ಲೂಸಿವ್ ಅಂತ ಸಹಿ ಹಾಕಿ, ಸರಿಯಾದ ಕಾರಣ ಇಲ್ಲದೆ ಮಧ್ಯೆ ಬಿಟ್ರೆ 205ನೇ ಸೆಕ್ಷನ್ ಪ್ರಕಾರ ಪರಿಹಾರ ಕೊಡ್ಬೇಕಾಗುತ್ತೆ. ಬಂದ ಮೇಲೆ ನೋಡ್ಕೊಳೋಣ ಅನ್ನೋದು ಮದುವೆ ವಿಷಯಕ್ಕೆ ಹೆಂಗೋ, ಇದಕ್ಕೂ ಹಂಗೇ.”

ಅಕ್ಕ ಇನ್ನೊಂದು ಪುಟ ತೆಗೆದರು. ಸಂಘಟಕರು ಕೊಡುವ ಹಣವೆಲ್ಲ ಮೊದಲು ಏಜೆನ್ಸಿಯ ಖಾತೆಗೆ ಹೋಗಬೇಕು, ಕಮಿಷನ್ ಕಳೆದು 45 ದಿನದೊಳಗೆ ಬ್ಯಾಂಡಿಗೆ ಕೊಡುತ್ತಾರೆ ಎಂದಿದೆ. 1872ರಿಂದ ಇರುವ ಅದೇ ಕಾಯಿದೆಯಲ್ಲಿ ಏಜೆಂಟ್ ಕೇಳಿದಾಗ ಲೆಕ್ಕ ಒಪ್ಪಿಸಬೇಕು ಎಂದು 213ನೇ ಸೆಕ್ಷನ್ ಹೇಳುತ್ತದೆ; ತನಗೆ ಬರಬೇಕಾದ್ದನ್ನು ಹಿಡಿದುಕೊಂಡು ಉಳಿದ ಹಣವನ್ನು ಒಡೆಯನಿಗೆ ಕೊಡಬೇಕು ಎಂದು 217, 218 ಹೇಳುತ್ತವೆ. ಕಾನೂನಿನ ಕಣ್ಣಿನಲ್ಲಿ ಒಡೆಯ ಬ್ಯಾಂಡು, ಏಜೆಂಟ್ ಅದರ ಪರ ಕೆಲಸ ಮಾಡುವವನು. ಹನ್ನೊಂದು ಪುಟ ಓದಿದರೆ ಅದು ತಿರುಗುಮುರುಗಾಗಿ ಕಾಣುತ್ತದೆ. ಷೋ ಒಪ್ಪುವ ಹಕ್ಕು ಅವರದು, ದರ ನಿಗದಿ ಅವರದು, ಹಣ ಅವರ ಕೈಯಲ್ಲಿ. ಬ್ಯಾಂಡಿನ ಪಾಲಿಗೆ ಹೋಗಿ ಹಾಡುವುದಷ್ಟೇ.

“ಕನಿಷ್ಠ ಎಷ್ಟು ಷೋ ಕೊಡ್ತಾರೆ ಅಂತ ಎಲ್ಲೂ ಬರೆದಿಲ್ವಲ್ಲೋ” ಎಂದರು ಅಕ್ಕ ಕೊನೆಗೆ. ಯಾರೂ ಅದನ್ನು ಗಮನಿಸಿರಲಿಲ್ಲ. ಬ್ಯಾಂಡ್ ಮೂರು ವರ್ಷ ಬೇರೆಲ್ಲೂ ಹೋಗುವಂತಿಲ್ಲ, ಏಜೆನ್ಸಿ ಒಂದೇ ಒಂದು ಷೋ ತರದಿದ್ದರೂ ಕೇಳುವಂತಿಲ್ಲ.

ಈಗ ಮೂಲೆಯಲ್ಲಿದ್ದ ಅಣ್ಣ ಗಂಟಲು ಸರಿಮಾಡಿಕೊಂಡರು. ಇಷ್ಟು ಹೊತ್ತು ಕಂಸಾಳೆಯ ಬಟ್ಟಲಿನ ದಾರ ಬಿಗಿಮಾಡುತ್ತಿದ್ದರು. ಹಿತ್ತಾಳೆಯ ಬಟ್ಟಲು, ಅದರ ಜೋಡಿ ತಾಳಕ್ಕೆ ಕಟ್ಟಿದ ಉದ್ದನೆಯ ದಾರ. ಕುಣಿತದಲ್ಲಿ ಬೀಸಿ ಹೊಡೆಯುವಾಗ ಅದು ಸಡಿಲವಾದರೆ ಪಕ್ಕದವನ ಹಣೆ ಒಡೆಯುತ್ತದೆ.

“ಅಂಗಾರ ಒಂದು ಕೇಳ್ತೀನಿ ಕನವ್ವ. ದೀಪಾವಳಿ ಜಾತ್ರಗ ಬೆಟ್ಟದಲ್ಲಿ ನಾನು ಕಂಸಾಳೆ ಬಡೀಬೇಕು ಅಂದ್ರೂ ಇವರ್ನ ಕೇಳ್ಬೇಕಾ?”

ಅಕ್ಕ ಎರಡನೇ ಪುಟಕ್ಕೆ ಹೋದರು. ‘ಸದಸ್ಯರು ಒಟ್ಟಾಗಿ ಅಥವಾ ಪ್ರತ್ಯೇಕವಾಗಿ ನೀಡುವ ಯಾವುದೇ ಸಾರ್ವಜನಿಕ ಪ್ರದರ್ಶನ’ ಎಂದಿತ್ತು. ಕಾಗದದ ಅಕ್ಷರ ಹಿಡಿದರೆ, ಹೌದು, ಕೇಳಬೇಕು.

ಅಣ್ಣ ದೀಕ್ಷೆ ತೆಗೆದುಕೊಂಡ ದೇವರಗುಡ್ಡ. ಮಲೆ ಮಹದೇಶ್ವರ ಬೆಟ್ಟದ ಜಾತ್ರೆಗಳಲ್ಲಿ ಮಾದಪ್ಪನ ಕತೆ ಹಾಡುವುದು ಅವರಿಗೆ ಷೋ ಅಲ್ಲ, ಹೊತ್ತ ಹರಕೆ. ಅದಕ್ಕೆ ಯಾರೂ ಸಂಭಾವನೆ ಕೊಡುವುದಿಲ್ಲ, ಕೊಟ್ಟರೂ ಕಾಣಿಕೆ. ಈ ಬ್ಯಾಂಡಿನ ಹಾಡುಗಳಲ್ಲಿ ಅರ್ಧ ಬಂದಿರುವುದು ಅಲ್ಲಿಂದಲೇ. ಅಲ್ಲಿಗೆ ಹೋಗಲು ಮುಂಬೈಯಿಂದ ಅನುಮತಿಯ ಮೇಲ್ ಬರಬೇಕೆಂದರೆ ಬ್ಯಾಂಡಿನ ಬೇರನ್ನೇ ಒತ್ತೆಯಿಟ್ಟ ಹಾಗೆ. ಕರಾರು ಬರೆದವರಿಗೆ ಕೆಟ್ಟ ಉದ್ದೇಶವೇನೂ ಇರಲಿಕ್ಕಿಲ್ಲ. ಎಲ್ಲೋ ಸಿನಿಮಾ ಗಾಯಕರಿಗೆಂದು ತಯಾರಿಸಿದ ಮಾದರಿಯಲ್ಲಿ ಹೆಸರು ಮಾತ್ರ ಬದಲಿಸಿ ಕಳಿಸಿದ್ದಾರೆ. ಅದಕ್ಕಾಗಿಯೇ ಪ್ರತಿ ಸಾಲೂ ಓದಬೇಕು.

“ಹಂಗಿದ್ರೆ ಬೇಡವೇ ಬೇಡ” ಎಂದ ಡ್ರಮ್ಸಿನವನು. ಗಿಟಾರಿನವನು ಸುಮ್ಮನಾದ. ಬಾಸ್ ಹುಡುಗ ಲ್ಯಾಪ್‌ಟಾಪ್ ಮುಚ್ಚಿದ. ತೀರ್ಮಾನ ಆಯಿತು ಎಂದು ನೀವಂದುಕೊಳ್ಳುತ್ತೀರಿ, ನಾನೂ ಅಂದುಕೊಂಡೆ.

“ನನಗೆ ಬೇಕು” ಎಂದಳು ಹಾಡುವವಳು.

ಎಲ್ಲರೂ ತಿರುಗಿದರು. ಅವಳ ದನಿ ಏರಲಿಲ್ಲ. “ಸ್ಟಾಫ್ ರೂಮಲ್ಲಿ ಫೋನ್ ಸೈಲೆಂಟ್ ಮಾಡಿರ್ತೀನಿ, ಬೆಲ್ ಹೊಡೆದ ಕೂಡ್ಲೇ ಮೆಟ್ಟಿಲ ಕೆಳಗೆ ನಿಂತು ವಾಪಸ್ ಮಾಡ್ತೀನಿ. ರಾತ್ರಿ ಹನ್ನೊಂದಕ್ಕೆ ಯಾರೋ ಕುಡಿದು ಫೋನ್ ಮಾಡಿ ‘ಮೇಡಂ, ಮ್ಯಾಡಮ್ಮೋರೇ’ ಅಂತಾರೆ. ಬಾಕಿ ಕೇಳಿದ್ರೆ ‘ಹೆಂಗಸ್ರು ದುಡ್ಡಿನ ವಿಷಯ ಮಾತಾಡ್ಬಾರ್ದು, ಗಂಡಸ್ರನ್ನ ಕೊಡಿ’ ಅಂತಾರೆ. ಸ್ಟೇಜ್ ಹತ್ತೋ ಐದು ನಿಮಿಷ ಮುಂಚೆ ಖಜಾಂಚಿ ಹಿಂದೆ ಓಡಾಡ್ತಿರ್ತೀನಿ, ಆಮೇಲೆ ಬಂದು ಶರೀಫಜ್ಜನ ಪದ ಹಾಡ್ಬೇಕು. ಉಸಿರೇ ನಿಲ್ಲಲ್ಲ. ನಿಮಗ್ಯಾರಿಗೂ ಶೇಕಡಾ ಇಪ್ಪತ್ತು ಹೋಗೋದು ಬೇಡ, ಸರಿ. ಇಷ್ಟು ವರ್ಷ ಅದು ಯಾರ ಕೈಯಿಂದ ಹೋಗ್ತಿತ್ತು?”

ಕೋಣೆಯಲ್ಲಿ ಆ್ಯಂಪಿನ ಗುಂಯ್‌ಗುಡುವ ಸದ್ದು ಮಾತ್ರ. ಬಾಸ್ ಹುಡುಗ ಬಗ್ಗಿ ಅದರ ಸ್ವಿಚ್ ಆರಿಸಿದ.

ಏಜೆಂಟ್ ಬೇಕೇ ಬೇಡವೇ ಎಂದು ತಲೆ ಕೆಡಿಸಿಕೊಳ್ಳುವ ಬ್ಯಾಂಡುಗಳಲ್ಲಿ ಏಜೆಂಟ್ ಆಗಲೇ ಒಬ್ಬರಿರುತ್ತಾರೆ. ಒಳಗಿನವರು, ಸಂಬಳವಿಲ್ಲದವರು, ಬಹಳ ಸಲ ಹಾಡುವವರು ಅಥವಾ ತಂಡ ಕಟ್ಟಿದವರು. ಅವರ ದಣಿವನ್ನು ಲೆಕ್ಕಕ್ಕೆ ಹಿಡಿಯದೆ ಕಮಿಷನ್ ಜಾಸ್ತಿ ಎಂದು ವಾದಿಸುವುದು ಅನ್ಯಾಯ. ಇದನ್ನು ಹೇಳಲೆಂದೇ ನಾನು ನಿಮ್ಮನ್ನು ಈ ನೆಲಮಾಳಿಗೆಗೆ ಕರೆತಂದೆ.

ಮೊದಲು ಮಾತಾಡಿದವರು ಅಣ್ಣ. “ತಪ್ಪಾಯ್ತು ಕನವ್ವ” ಎಂದರು. ಆಮೇಲೆ ಕೆಲಸ ಬೇಗ ಬೇಗ ಸಾಗಿತು. ಅಕ್ಕ ಪೆನ್ಸಿಲ್ ಹಿಡಿದರು, ಹಾಡುವವಳು ಹೇಳುತ್ತ ಹೋದಳು. ಯಾವ ಊರಿನಲ್ಲಿ ಏನು ಕಷ್ಟ ಎಂದು ಗೊತ್ತಿರುವವಳು ಅವಳೇ ತಾನೆ.

ಅವಧಿ ಒಂದು ವರ್ಷ. ಕರ್ನಾಟಕದ ಹೊರಗಿನ ಷೋಗಳಿಗೆ ಏಜೆನ್ಸಿಯೇ ಏಕೈಕ ಪ್ರತಿನಿಧಿ. ಕರ್ನಾಟಕದೊಳಗೆ ಅವರು ತಂದ ಷೋಗೆ ಮಾತ್ರ ಕಮಿಷನ್. ಕನ್ನಡ ಸಂಘ, ಕೂಟಗಳು ಎಲ್ಲೇ ಇದ್ದರೂ ಬ್ಯಾಂಡಿನ ಪಾಲಿಗೆ. ನೋಟ್‌ಬುಕ್ಕಿನಲ್ಲಿರುವ ಎಲ್ಲ ಊರು, ಕಾಲೇಜು, ಸಮಿತಿಗಳ ಪಟ್ಟಿಯನ್ನು ಕರಾರಿಗೆ ಅನುಬಂಧವಾಗಿ ಲಗತ್ತಿಸುವುದು, ಅವರಿಂದ ಬರುವ ಯಾವ ಕರೆಗೂ ಕಮಿಷನ್ ಇಲ್ಲ. ಆರು ತಿಂಗಳಲ್ಲಿ ನಾಲ್ಕು ಷೋ ಬಾರದಿದ್ದರೆ ಮೂವತ್ತು ದಿನದ ನೋಟಿಸ್ ಕೊಟ್ಟು ಹೊರಬರುವ ಹಕ್ಕು. ಪ್ರತಿ ಷೋಗೂ ಬ್ಯಾಂಡಿನ ಒಪ್ಪಿಗೆ ಮೊದಲು. ಹಣ ಬ್ಯಾಂಡಿನ ಖಾತೆಗೆ ಬರಬೇಕು, ಏಜೆನ್ಸಿ ಬಿಲ್ ಕಳಿಸಿದ ಏಳು ದಿನದಲ್ಲಿ ಕಮಿಷನ್ ಕಟ್ಟುವುದು. ಶೇ. 15. ಕರಾರು ಮುಗಿದ ಮೇಲೆ, ಅವರು ಪರಿಚಯಿಸಿದ ಸಂಘಟಕರು ಮತ್ತೆ ಕರೆದರೆ ಆರು ತಿಂಗಳವರೆಗೆ ಅದೇ ಕಮಿಷನ್. ಇದು ಅವರಿಗೆ ಸಲ್ಲಬೇಕಾದದ್ದು ಎಂದು ಗಿಟಾರಿನವನು ಹಟ ಹಿಡಿದ, ಸರಿಯಾಗಿಯೇ ಹೇಳಿದ. ಸದಸ್ಯರ ವೈಯಕ್ತಿಕ ಹಾಡುಗಾರಿಕೆಗೆ, ಹರಕೆಗೆ, ಜಾತ್ರೆಗೆ ಕರಾರು ಅನ್ವಯವಿಲ್ಲ. ಆ ಸಾಲನ್ನು ಅಕ್ಕ ಎರಡು ಸಲ ಓದಿ ಅಣ್ಣನಿಗೆ ಕೇಳಿಸಿದರು.

ಬ್ಯಾಂಡಿನ ಒಳಗಿನ ಕರಾರು ಒಂದೇ ಸಾಲಿನದು. ಅದನ್ನು ಬಾಸ್ ಹುಡುಗ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದ. ಏಜೆನ್ಸಿ ಒಪ್ಪಲಿ ಬಿಡಲಿ, ಬ್ಯಾಂಡ್ ತಾನೇ ಹಿಡಿದ ಪ್ರತಿ ಷೋನಲ್ಲಿ ಶೇ. 10 ಮೊದಲು ಫೋನ್ ನೋಡಿಕೊಂಡವರಿಗೆ, ಆಮೇಲೆ ಐದು ಪಾಲು. ಫೋನ್ ಸರದಿ ಮೇಲೆ ತಿರುಗುತ್ತದೆ. ಈ ಗಣೇಶನ ಹಂಗಾಮು ಡ್ರಮ್ಸಿನವನದು. ಅರಸೀಕೆರೆಯ ಹದಿನೈದು ಸಾವಿರ ವಸೂಲಿಯೂ ಅವನದೇ. ಮುಖ ಸಣ್ಣದು ಮಾಡಿಕೊಂಡು ನಂಬರ್ ಬರೆದುಕೊಂಡ.

ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಮೇಲ್ ಹೋಯಿತು.

ಅದಕ್ಕೆ ಬಂದ ಉತ್ತರವನ್ನೂ ಹೇಳಿಬಿಡುತ್ತೇನೆ. ಅವಧಿ, ಅನುಬಂಧ, ಜಾತ್ರೆಯ ಸಾಲು, ಹೊರಬರುವ ಹಕ್ಕು ಎಲ್ಲಕ್ಕೂ ಏಜೆನ್ಸಿ ಒಪ್ಪಿತು. ಶೇ. 15ಕ್ಕೆ ಒಪ್ಪಲಿಲ್ಲ, 18 ಅಂದಿದೆ; ಅದು ದೊಡ್ಡ ವಿಷಯವಲ್ಲ. ಹಣ ಮೊದಲು ತಮ್ಮ ಖಾತೆಗೇ ಬರಬೇಕು ಎನ್ನುವುದನ್ನು ಮಾತ್ರ ಬಿಟ್ಟಿಲ್ಲ. ಆದ್ದರಿಂದ ಬ್ಯಾಂಡ್ ಇನ್ನೂ ಸಹಿ ಹಾಕಿಲ್ಲ, ಹೊರರಾಜ್ಯದ ಒಂದೊಂದೇ ಷೋಗೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡು ಹೋಗುತ್ತೇವೆ ಎಂದಿದೆ. ನನ್ನ ಮಟ್ಟಿಗೆ ಇದು ಸರಿಯಾದ ತೀರ್ಮಾನ. ಕಮಿಷನ್ ಎಷ್ಟಾದರೂ ಚೌಕಾಶಿ ಮಾಡಬಹುದು, ದುಡ್ಡು ಯಾರ ಖಾತೆಗೆ ಮೊದಲು ಬೀಳುತ್ತದೆ ಎನ್ನುವಲ್ಲಿ ಮಾಡಬಾರದು.

ಇನ್ನು ನಿಮ್ಮೂರಿನ ಗಣೇಶೋತ್ಸವಕ್ಕೋ ರಾಜ್ಯೋತ್ಸವಕ್ಕೋ ತಂಡ ಕರೆಸುವ ಸಮಿತಿಯಲ್ಲಿ ನೀವಿದ್ದರೆ ಒಂದು ವಿನಂತಿ. ಬ್ಯಾಲೆನ್ಸನ್ನು ತಂಡ ಸ್ಟೇಜ್ ಹತ್ತುವ ಮುಂಚೆ ಕೊಟ್ಟುಬಿಡಿ, ಭಾಷಣಗಳನ್ನು ಎಂಟರೊಳಗೆ ಮುಗಿಸಿ.